ಪಿಕ್ ಅಪ್ ಅನ್ನೋ ಎರಡು ಪುಟ್ಟ ಪದ, ಅದಕ್ಕೆ ನಮ್ಮ ಕನ್ನಡದ 'ಕೊಳ್ಳು' ಹೇಗೆ ಕೀಲಿಕೈ

ನನ್ನ ಹತ್ರ ಸಂಜೆ ಹೊತ್ತು ಸ್ಪೋಕನ್ ಇಂಗ್ಲಿಷ್ ಕಲಿಯೋಕೆ ಬರ್ತಿದ್ದ ಹುಡುಗಿಯೊಬ್ಳಿಗೆ ಬೆಂಗಳೂರಲ್ಲಿ ಒಂದು ಕಂಪನೀಲಿ ಕೆಲಸ ಸಿಕ್ತು. ಸೇರಿ ಇನ್ನೂ ಎರಡು ವಾರ ಆಗಿಲ್ಲ, ಅವಳ ಟೀಮ್ ಲೀಡ್ ಚಾಟಲ್ಲಿ ಒಂದು ಲೈನ್ ಕಳಿಸಿದ್ರಂತೆ, "ಕ್ಯಾನ್ ಯು ಪಿಕ್ ದಿಸ್ ಅಪ್ ಟುಡೇ?" ಅಂತ, ಕೆಳಗೆ ಒಂದು ಟಿಕೆಟ್ ನಂಬರ್. ಇವಳು "ಶೂರ್" ಅಂತ ರಿಪ್ಲೈ ಹಾಕಿ ಸೀದಾ ಕೆಳಗಿಳಿದು ರಿಸೆಪ್ಷನ್‌ಗೆ ಹೋಗಿ, ಈ ನಂಬರಿಂದು ಏನಾದ್ರೂ ಪಾರ್ಸೆಲ್ ಬಂದಿದ್ಯಾ ಅಂತ ಕೇಳಿದಾಳೆ, ಅವರು ಇಲ್ಲ ಅಂದಿದಾರೆ, ಸರಿ ಬಂದ್ಮೇಲೆ ತಗೊಂಡ್ರಾಯ್ತು ಅಂತ ಸುಮ್ನಾಗಿದಾಳೆ. ಸಂಜೆ ಐದು ಗಂಟೆಗೆ ಲೀಡ್ ಬಂದು "ಅದು ಎಲ್ಲಿಗೆ ಬಂತು" ಅಂತ ಕೇಳ್ದಾಗ ಗೊತ್ತಾಯ್ತು, ಅದು ತರೋ ವಸ್ತು ಅಲ್ಲ, ಮಾಡೋ ಕೆಲಸ ಅಂತ. ರಾತ್ರಿ ನಂಗೆ ಫೋನ್ ಮಾಡಿ ಅತ್ಬಿಟ್ಳು. "ಮೇಡಂ, ಪಿಕ್ ಅಪ್ ಅಂದ್ರೆ ಎತ್ಕೊಳ್ಳೋದು ಅಂತಾನೇ ಅಲ್ವಾ ನಾವು ಕಲ್ತಿದ್ದು" ಅಂದ್ಳು.

ಹೌದು, ಎತ್ಕೊಳ್ಳೋದು ಅಂತಾನೇ. ಅವಳು ಕಲ್ತಿದ್ದರಲ್ಲಿ ತಪ್ಪೇನೂ ಇಲ್ಲ, ಆದ್ರೆ ಆ ಅರ್ಥನ 'ಎತ್ತು' ಅನ್ನೋ ಕಡೆಗೆ ಒತ್ತು ಕೊಟ್ಟು ಕಲ್ತಿದ್ಳು, ಒತ್ತು ಕೊಡ್ಬೇಕಾಗಿದ್ದು 'ಕೊಳ್ಳು' ಅನ್ನೋದಕ್ಕೆ. ಅವತ್ತಿಂದ ನಾನು ಇದನ್ನ ಕ್ಲಾಸಲ್ಲಿ ಬೇರೆ ಥರ ಹೇಳ್ಕೊಡೋಕೆ ಶುರು ಮಾಡ್ದೆ, ಅದನ್ನೇ ಇಲ್ಲಿ ಬರೀತಿದೀನಿ, ಯಾಕಂದ್ರೆ ಈ ಪಿಕ್ ಅಪ್ ಅನ್ನೋದು ಆಫೀಸಲ್ಲಿ, ಬಸ್ ಸ್ಟ್ಯಾಂಡಲ್ಲಿ, ಆಸ್ಪತ್ರೇಲಿ, ಫೋನಲ್ಲಿ ಎಲ್ಲಾ ಕಡೆ ಬರುತ್ತೆ, ಬಂದಾಗೆಲ್ಲ ಬೇರೆ ವೇಷ ಹಾಕ್ಕೊಂಡು ಬರುತ್ತೆ.

ಮೊದ್ಲು ಬರೀ ಪಿಕ್ ಅನ್ನೋದನ್ನ ನೋಡೋಣ. ನಮ್ಮನೆ ಹಿತ್ಲಲ್ಲಿ ಒಂದು ಮಲ್ಲಿಗೆ ಬಳ್ಳಿ ಇದೆ, ಒಂದು ಪಾರಿಜಾತದ ಗಿಡ ಇದೆ. ಮಲ್ಲಿಗೆನ ಸಂಜೆ ಮೊಗ್ಗಿರೋವಾಗ ಬಳ್ಳಿಯಿಂದ ಬಿಡಿಸ್ತೀವಿ, ಅದು ಪಿಕ್. ಪಾರಿಜಾತ ಹಂಗಲ್ಲ, ರಾತ್ರಿ ಅರಳಿ ಬೆಳಗಾಗೋ ಹೊತ್ತಿಗೆ ತಾನಾಗೇ ನೆಲಕ್ಕೆ ಉದುರಿರುತ್ತೆ, ಬಿಳಿ ಎಸಳು ಕೆಂಪು ತೊಟ್ಟು, ಅಂಗಳದ ತುಂಬ. ಬೇರೆ ಹೂವಾದ್ರೆ ನೆಲಕ್ಕೆ ಬಿದ್ದಿದ್ದನ್ನ ದೇವರಿಗೆ ಏರಿಸಲ್ಲ, ಪಾರಿಜಾತಕ್ಕೆ ಮಾತ್ರ ಆ ಕಟ್ಟುಪಾಡಿಲ್ಲ, ಅದಕ್ಕೇ ಅಮ್ಮ ಬೆಳಿಗ್ಗೆ ಬಗ್ಗಿ ಒಂದೊಂದಾಗಿ ಹೆಕ್ಕಿ ತಟ್ಟೆಗೆ ಹಾಕ್ಕೊಳ್ತಾರೆ, ಅದು ಪಿಕ್ ಅಪ್. ಗಿಡದಲ್ಲಿರೋದನ್ನ ಕಿತ್ರೆ ಪಿಕ್, ಬಿದ್ದಿರೋದನ್ನ ಹೆಕ್ಕಿದ್ರೆ ಪಿಕ್ ಅಪ್. ತೋಟದ ಕಡೆಯೋರಿಗೆ ಇನ್ನೂ ಬೇಗ ಗೊತ್ತಾಗುತ್ತೆ, ಕೊನೆಗಾರ ಮರ ಹತ್ತಿ ಅಡಿಕೆ ಕೊನೆ ಕೊಯ್ಯೋದು ಬೇರೆ, ಕೆಳಗೆ ಉದುರಿರೋ ಅಡಿಕೆ ಹೆಕ್ಕೋದು ಬೇರೆ, ನಾವು ಎರಡಕ್ಕೂ ಒಂದೇ ಮಾತು ಯಾವತ್ತೂ ಬಳಸಲ್ಲ. ಪಿಕ್‌ಗೆ ಇನ್ನೊಂದು ಅರ್ಥನೂ ಇದೆ, ಇರೋದ್ರಲ್ಲಿ ಒಂದನ್ನ ಆರಿಸ್ಕೊಳ್ಳೋದು. ಇದು ನೆನಪಿರ್ಲಿ, ಮುಂದೆ ಬೇಕಾಗುತ್ತೆ.

ಈಗ ಕನ್ನಡದ ಕಡೆ ತಿರುಗಿ. ನಾವು "ಮಗುನ ಎತ್ತು" ಅಂತ ಹೇಳೋದಕ್ಕೂ "ಮಗುನ ಎತ್ಕೋ" ಅಂತ ಹೇಳೋದಕ್ಕೂ ಎಷ್ಟು ವ್ಯತ್ಯಾಸ ಇದೆ ಅಂತ ಒಂದು ಸಲ ಯೋಚನೆ ಮಾಡಿ. ಎತ್ತು ಅಂದ್ರೆ ಮೇಲಕ್ಕೆ ಹೋಯ್ತು ಅಷ್ಟೇ. ಎತ್ಕೋ ಅಂದ್ರೆ ಮೇಲಕ್ಕೆ ಬಂದು ನಿನ್ನ ಸೊಂಟದ ಮೇಲೆ ಕೂತ್ಕೊಳ್ತು, ಈಗ ಅದರ ಜವಾಬ್ದಾರಿ ನಿಂದು. ಎತ್ತಿ ಕೊಳ್ಳು, ಅದೇ ಎತ್ಕೋ. ಈ ಕೊಳ್ಳು ಅನ್ನೋದು ಯಾವ ಕ್ರಿಯಾಪದದ ಬಾಲಕ್ಕೆ ಸೇರಿದ್ರೂ ಆ ಕೆಲಸನ ನಮ್ಮ ಕಡೆಗೆ ತಿರುಗಿಸಿಬಿಡುತ್ತೆ. ಕಲಿ ಬೇರೆ ಕಲ್ತ್ಕೋ ಬೇರೆ, ಹಚ್ಚು ಬೇರೆ ಹಚ್ಕೋ ಬೇರೆ, ಹೊರು ಬೇರೆ ಹೊತ್ಕೋ ಬೇರೆ. ಪಿಕ್ ಅಪ್‌ನ ಒಳಗಿರೋ ಚಿತ್ರನೂ ಇದೇನೇ. ಎಲ್ಲೋ ಇದ್ದಿದ್ದು, ಬಿದ್ದಿದ್ದು, ಕಾಯ್ತಾ ಇದ್ದಿದ್ದು, ನಮ್ಮ ಕೈಗೆ ಬರುತ್ತೆ, ನಮ್ಮದಾಗುತ್ತೆ, ನಮ್ಮ ಜೊತೆ ಮುಂದಕ್ಕೆ ಹೋಗುತ್ತೆ. ಈ ಒಂದು ಚಿತ್ರ ತಲೇಲಿ ಇಟ್ಕೊಂಡ್ರೆ ಡಿಕ್ಷನರೀಲಿ ಸಾಲಾಗಿ ಕೊಟ್ಟಿರೋ ಅರ್ಥಗಳನ್ನ ಬಾಯಿಪಾಠ ಮಾಡೋ ಕಷ್ಟ ಮುಕ್ಕಾಲು ಪಾಲು ತಪ್ಪುತ್ತೆ, ಇದನ್ನ ನಾನು ಕ್ಲಾಸಲ್ಲಿ ಕಣ್ಣಾರೆ ನೋಡಿದೀನಿ.

ಉದಾಹರಣೆಗೆ ಜನ. "ಐ ವಿಲ್ ಪಿಕ್ ಯು ಅಪ್ ಅಟ್ ಸಿಕ್ಸ್" ಅಂದ್ರೆ ಆರು ಗಂಟೆಗೆ ಬಂದು ನಿನ್ನ ಕರ್ಕೊಂಡು ಹೋಗ್ತೀನಿ. ಕರ್ಕೊಂಡು, ನೋಡಿ ಅಲ್ಲೇ ಕೊಳ್ಳು ಇದೆ. ಗಾಡಿ ಇರೋನು ನಿಂತಿರೋರ ಹತ್ರ ಬಂದು ತನ್ನ ಗಾಡೀಲಿ ಹತ್ತಿಸ್ಕೊಂಡ. ನಾವು ಕನ್ನಡದಲ್ಲಿ "ಹೋಗಿ ಕರ್ಕೊಂಡು ಬಾ" ಅಂತ ನಾಲ್ಕು ಕ್ರಿಯೆ ಪೋಣಿಸಿ ಹೇಳೋದನ್ನ ಇಂಗ್ಲಿಷ್ನೋರು ಎರಡು ತುಂಡಲ್ಲಿ ಮುಗಿಸ್ತಾರೆ.

ಇಲ್ಲಿ ನಮ್ಮ ಕಡೆ ಒಂದು ತಪ್ಪು ತುಂಬಾ ಜನ ಮಾಡ್ತಾರೆ, ಇದರ ಬಗ್ಗೆ ಸ್ವಲ್ಪ ಜಾಸ್ತಿನೇ ಹೇಳ್ಬೇಕು. "ಐ ವಿಲ್ ಪಿಕ್ ಯು ಅಟ್ ಸಿಕ್ಸ್" ಅಂತ ಅಪ್ ಬಿಟ್ಟು ಹೇಳೋದು. ನಮ್ಮೂರಲ್ಲಿ ಎಲ್ರಿಗೂ ಅರ್ಥ ಆಗುತ್ತೆ, ಬೆಂಗಳೂರಲ್ಲೂ ಆಗುತ್ತೆ, ಆದ್ರೆ ಹೊರಗಿನ ದೇಶದವರಿಗೆ ಅದು ಆರು ಗಂಟೆಗೆ ನಿನ್ನನ್ನ ಆಯ್ಕೆ ಮಾಡ್ತೀನಿ ಅಂತ ಕೇಳ್ಸುತ್ತೆ, ಮೇಲೆ ಹೇಳಿದ್ನಲ್ಲ ಪಿಕ್ ಅಂದ್ರೆ ಆರಿಸ್ಕೊಳ್ಳೋದು ಅಂತ, ಅದು. ಇದೇ ಥರ "ಹಿ ಡಿಡ್ ನಾಟ್ ಪಿಕ್ ಮೈ ಕಾಲ್" ಅನ್ನೋದೂ ಅಷ್ಟೇ, ಪಿಕ್ ಅಪ್ ಅನ್ಬೇಕು. ನಾವು ಯಾಕೆ ಅಪ್ ನುಂಗ್ತೀವಿ ಅಂದ್ರೆ ನನಗನ್ಸೋ ಕಾರಣ ಇದು, ಕನ್ನಡ ಮಾತಾಡುವಾಗ "ಕಾಲ್ ಪಿಕ್ ಮಾಡ್ಲಿಲ್ಲ", "ಬಂದು ಪಿಕ್ ಮಾಡು" ಅಂತೀವಿ, ಅಲ್ಲಿ ಮಾಡು ಅನ್ನೋದು ಬಂದು ಕೂತ್ಮೇಲೆ ಅಪ್‌ಗೆ ಜಾಗ ಸಾಲಲ್ಲ, ಮಾತು ಆಗ್ಲೇ ತುಂಬಿದ ಹಾಗೆ ಅನ್ಸುತ್ತೆ. ಆಮೇಲೆ ಇಂಗ್ಲಿಷ್ ಮಾತಾಡೋವಾಗ ಮಾಡು ತೆಗೀತೀವಿ, ಅಪ್ ವಾಪಸ್ ಹಾಕೋದು ಮರೀತೀವಿ. "ಡ್ರಾಪ್ ಮಿ" ಅನ್ನೋದ್ರಲ್ಲೂ ಹಿಂಗೇ ಆಗಿದೆ. ಅಲ್ಲಿ ಆಫ್ ಅಂತ ಒಂದು ಬಾಲ ಇದ್ರೆ ಚೆಂದ, "ಡ್ರಾಪ್ ಮಿ ಆಫ್ ಅಟ್ ದ ಬಸ್ ಸ್ಟ್ಯಾಂಡ್". ಅಲ್ಲಾದ್ರೆ ಬಸ್ ಸ್ಟ್ಯಾಂಡ್ ಅಂತ ಜಾಗದ ಹೆಸರು ಜೊತೆಗಿರೋದ್ರಿಂದ ಬಾಲ ಬಿಟ್ರೂ ನಡೆಯುತ್ತೆ, ಪಿಕ್ ವಿಷಯದಲ್ಲಿ ಮಾತ್ರ ಅಪ್ ಬಿಟ್ರೆ ಅರ್ಥನೇ ಬದಲಾಗುತ್ತೆ.

ಇನ್ನೊಂದು ತಪ್ಪು ಪದಗಳ ಜಾಗದ್ದು. "ಪಿಕ್ ಅಪ್ ಮಿ" ಅಂತ ಬರೀತಾರೆ, ಅದು ಆಗಲ್ಲ, "ಪಿಕ್ ಮಿ ಅಪ್" ಅಂತಾನೇ ಆಗ್ಬೇಕು. ಮಿ, ಹಿಮ್, ಹರ್, ಇಟ್, ದೆಮ್ ಇಂಥ ಪುಟ್ಟ ಸರ್ವನಾಮಗಳು ಯಾವಾಗ್ಲೂ ಪಿಕ್‌ಗೂ ಅಪ್‌ಗೂ ನಡುವೆ ಕೂರ್ಬೇಕು. ಹೆಸರು ಬಂದ್ರೆ ಎರಡೂ ಕಡೆ ಕೂರಬಹುದು, "ಪಿಕ್ ಅಪ್ ದ ಬ್ಯಾಗ್" ಅಂದ್ರೂ ಸರಿ "ಪಿಕ್ ದ ಬ್ಯಾಗ್ ಅಪ್" ಅಂದ್ರೂ ಸರಿ. ಆದ್ರೆ ಪೆಟ್ರೋಲ್ ಬಂಕ್ ಪಕ್ಕ ನೀಲಿ ಶರ್ಟ್ ಹಾಕ್ಕೊಂಡು ನಿಂತಿರೋ ಹುಡುಗ ಅಂತ ಉದ್ದಕ್ಕೆ ಹೇಳೋದಿದ್ರೆ ಅದನ್ನ ನಡುವೆ ತುರುಕಬಾರದು, ಅಪ್ ಆದ್ಮೇಲೆ ಹೇಳ್ಬೇಕು, ಇಲ್ಲಾಂದ್ರೆ ಕೇಳೋರು ಅಪ್ ಬರೋಷ್ಟರಲ್ಲಿ ಪಿಕ್ ಮರ್ತಿರ್ತಾರೆ. ಯಾಕೆ ಹಿಂಗೆ ಅಂತ ಮಕ್ಕಳು ಕೇಳ್ತಾರೆ, ಕೇಳ್ಬೇಕು ಕೂಡ. ಇಂಗ್ಲಿಷಲ್ಲಿ ವಾಕ್ಯದ ಕೊನೇ ಜಾಗ ತೂಕದ ಜಾಗ, ಹೊಸ ವಿಷಯ ಅಲ್ಲಿಗೆ ಬರುತ್ತೆ. ಮಿ ಅಂದ್ರೆ ನಾನು, ಇಟ್ ಅಂದ್ರೆ ಆಗ್ಲೇ ಮಾತಾಡಿದ ವಸ್ತು, ಅದರಲ್ಲಿ ಹೊಸದೇನೂ ಇಲ್ಲ, ಅದಕ್ಕೆ ಅವುಗಳನ್ನ ನಡುವೆ ಮೆಲ್ಲಗೆ ಸೇರಿಸಿ ತೂಕನ ಅಪ್ ಮೇಲೆ ಹಾಕ್ತಾರೆ. ನಾವೇನ್ ಮಾಡ್ತೀವಿ, ಗೊತ್ತಿರೋ ವಿಷಯ ಆದ್ರೆ ಹೇಳೋದೇ ಇಲ್ಲ. ಕೆಳಗೆ ಬ್ಯಾಗ್ ಬಿದ್ದಿದ್ರೆ "ಎತ್ಕೋ" ಅಂತೀವಿ, ಅದನ್ನ ಅಂತ ಸೇರ್ಸೋದೂ ಇಲ್ಲ. ಇಂಗ್ಲಿಷಿಗೆ ಹಂಗೆ ಪೂರ್ತಿ ಬಿಡೋಕೆ ಬರಲ್ಲ, "ಪಿಕ್ ಇಟ್ ಅಪ್" ಅಂತ ಇಟ್‌ನ ಹೇಳ್ಲೇಬೇಕು, ಹೇಳಿದ್ರೂ ಗಟ್ಟಿಯಾಗಿ ಹೇಳಲ್ಲ. ಬಾಯಿಬಿಟ್ಟು ಒಂದು ಹತ್ತು ಸಲ ಹೇಳಿ ನೋಡಿ, ಪಿಕಿಟಪ್, ಪಿಕಿಟಪ್, ಒಂದೇ ಪದದ ಥರ ಹೊರಳುತ್ತೆ, ಕೊನೆಗೆ ಅಪ್ ಮೇಲೆ ಒತ್ತು ಬೀಳುತ್ತೆ.

ಫೋನ್ ವಿಷಯ ನಂಗೆ ತುಂಬಾ ಇಷ್ಟ. ಹಳೇ ಕಾಲದ ಗೋಡೆ ಫೋನಲ್ಲಿ ಕಿವಿಗಿಡೋ ಭಾಗನ ಪಕ್ಕದ ಒಂದು ಕೊಕ್ಕೆಗೆ ನೇತು ಹಾಕಿರ್ತಿದ್ರು, ಮಾತು ಮುಗಿದ್ಮೇಲೆ ಮತ್ತೆ ಕೊಕ್ಕೆಗೆ ಹಾಕ್ತಿದ್ರು, ಆ ಭಾರಕ್ಕೆ ಕೊಕ್ಕೆ ಕೆಳಗಿಳಿದು ಲೈನ್ ಕಟ್ ಆಗ್ತಿತ್ತು. ಅದಕ್ಕೇ ಇಂಗ್ಲಿಷಲ್ಲಿ ಫೋನ್ ಮುಗಿಸೋದಕ್ಕೆ ಹ್ಯಾಂಗ್ ಅಪ್ ಅನ್ನೋದು. ನಮ್ಮ ಮನೆಗಳಿಗೆ ಫೋನ್ ಬರೋ ಹೊತ್ತಿಗೆ ಅದು ಟೇಬಲ್ ಮೇಲೆ ಕೂರೋ ಡಬ್ಬ ಆಗಿತ್ತು, ರಿಸೀವರ್ ಎತ್ತಿ ಮಾತಾಡಿ ಮತ್ತೆ ಅದರ ಮೇಲೆ ಇಡ್ತಿದ್ವಿ, ಅದಕ್ಕೆ ನಾವು ಇವತ್ತಿಗೂ "ಸರಿ, ಇಡ್ತೀನಿ" ಅಂತೀವಿ. ಇಂಗ್ಲಿಷ್ನೋರು ನೇತು ಹಾಕಿದ್ರು, ನಾವು ಇಟ್ವಿ. ಆದ್ರೆ ಶುರು ಮಾಡೋದು ಇಬ್ರದ್ದೂ ಒಂದೇ, ಅವರು ಪಿಕ್ ಅಪ್ ಅಂದ್ರು ನಾವು ಎತ್ತಿದ್ವಿ. ಈಗ ಮೊಬೈಲಲ್ಲಿ ಗಾಜಿನ ಮೇಲೆ ಬೆರಳು ಸವರೋದು ಅಷ್ಟೇ, ಆದ್ರೂ "ಫೋನ್ ಎತ್ತಲ್ಲ ಅವ್ನು" ಅನ್ನೋ ಮಾತು ಹೋಗಿಲ್ಲ. ಇಲ್ಲಿ ಇನ್ನೊಂದು ಗಮನಿಸಿ, ಫೋನ್ ವಿಷಯದಲ್ಲಿ ಪಿಕ್ ಅಪ್ ಮುಂದೆ ಏನೂ ಹಾಕದಿದ್ರೂ ನಡೆಯುತ್ತೆ, "ಐ ಕಾಲ್ಡ್ ತ್ರೈಸ್, ನೋಬಡಿ ಪಿಕ್ಡ್ ಅಪ್". ಏನನ್ನ ಅಂತ ಯಾರೂ ಕೇಳಲ್ಲ.

ಕಲಿಯೋದಕ್ಕೆ ಬರೋ ಪಿಕ್ ಅಪ್ ಇನ್ನೂ ಚೆಂದ. ನಮ್ಮೂರ ಬಸ್ ಸ್ಟ್ಯಾಂಡ್ ಹತ್ರ ಪಾನಿಪೂರಿ ಗಾಡಿ ಇಟ್ಟಿರೋ ಒಬ್ರು ಬಿಹಾರದ ಕಡೆಯೋರು, ಮೊದ್ಲೆಲ್ಲ ಬೆರಳಲ್ಲೇ ಲೆಕ್ಕ ತೋರಿಸ್ತಿದ್ರು, ಈಗ "ಖಾರ ಜಾಸ್ತಿ ಬೇಕಾ ಅಕ್ಕಾ, ಚಿಲ್ರೆ ಕೊಡಿ" ಅಂತ ಸಲೀಸಾಗಿ ಮಾತಾಡ್ತಾರೆ. ಅವರು ಯಾವ ಕ್ಲಾಸಿಗೂ ಹೋಗಿಲ್ಲ, ಪುಸ್ತಕ ಮುಟ್ಟಿಲ್ಲ, ದಿನಾ ಗಿರಾಕಿಗಳ ಬಾಯಿಂದ ಉದುರಿದ ಮಾತನ್ನ ಒಂದೊಂದಾಗಿ ಹೆಕ್ಕಿ ಇಟ್ಕೊಂಡಿದಾರೆ. "ಹಿ ಪಿಕ್ಡ್ ಅಪ್ ಕನ್ನಡ" ಅನ್ನೋದು ಇದಕ್ಕೇ. ಕ್ಲಾಸಿಗೆ ಹೋಗಿ ಫೀಸ್ ಕಟ್ಟಿ ಕಲ್ತಿದ್ರೆ ಲರ್ನ್ ಅನ್ಬೇಕು, ಕಿವಿ ಮೇಲೆ ಬಿದ್ದೂ ಬಿದ್ದೂ ಬಂದಿದ್ರೆ ಪಿಕ್ ಅಪ್. ಅಂಗಳದಲ್ಲಿ ಬಿದ್ದಿರೋ ಪಾರಿಜಾತನೇ ಇದು, ಯಾರೂ ನಿಮಗಂತ ಕೊಯ್ದು ಕೊಟ್ಟಿಲ್ಲ, ಬಿದ್ದಿತ್ತು, ನೀವು ಬಗ್ಗಿ ಹೆಕ್ಕಿದ್ರಿ. ಇಂಟರ್ವ್ಯೂನಲ್ಲಿ ತಾವಾಗೇ ಕಲ್ತ ಕೆಲಸದ ಬಗ್ಗೆ ಹೇಳೋವಾಗ ಈ ಮಾತು ತುಂಬಾ ಚೆನ್ನಾಗಿ ಕೂರುತ್ತೆ, "ಐ ಪಿಕ್ಡ್ ಅಪ್ ಎಕ್ಸೆಲ್ ಆನ್ ದ ಜಾಬ್" ಅಂದ್ರೆ ಕೆಲಸ ಮಾಡ್ತಾ ಮಾಡ್ತಾ ಕಲ್ತ್ಕೊಂಡೆ ಅಂತ, ಕಲ್ತ್ಕೊಂಡೆ, ಮತ್ತೆ ಕೊಳ್ಳು.

ಬೇಡದೇ ಇರೋದೂ ಹಿಂಗೇ ಕೈಗೆ ಬರುತ್ತೆ. "ಐ ಪಿಕ್ಡ್ ಅಪ್ ಎ ಕೋಲ್ಡ್" ಅಂದ್ರೆ ಎಲ್ಲೋ ಹೋಗಿ ನೆಗಡಿ ಹತ್ತಿಸ್ಕೊಂಡು ಬಂದೆ, ಪಿಕ್ಡ್ ಅಪ್ ಎ ಬ್ಯಾಡ್ ಹ್ಯಾಬಿಟ್ ಅಂದ್ರೆ ಕೆಟ್ಟ ಚಾಳಿ ಅಂಟಿಸ್ಕೊಂಡ. ಡಾಕ್ಟರ್ ಹತ್ರ ಹೋದಾಗ ಇದು ಉಪಯೋಗಕ್ಕೆ ಬರುತ್ತೆ. ಶಾಪಿಂಗ್ ವಿಷಯಕ್ಕೆ ಬಂದ್ರೆ "ಪಿಕ್ ಅಪ್ ಸಮ್ ಮಿಲ್ಕ್ ಆನ್ ದ ವೇ" ಅಂದ್ರೆ ಬರೋವಾಗ ದಾರೀಲಿ ಹಾಲು ತಗೊಂಡು ಬಾ, ಇಲ್ಲಿ ಅದಕ್ಕಂತಾನೇ ಹೋಗೋದಲ್ಲ, ಬರೋ ದಾರೀಲಿ ಕೈಗೆತ್ಕೊಂಡು ಬರೋದು.

ಆಫೀಸಿನ ಪಿಕ್ ಅಪ್ಪಿಗೆ ಬರೋಣ, ಆ ಹುಡುಗಿನ ಅಳಿಸಿದ್ದು ಅದೇ ಅಲ್ವಾ. ಅಲ್ಲಿ ಕೆಲಸಗಳನ್ನೆಲ್ಲ ಒಂದು ಬೋರ್ಡ್ ಮೇಲೆ ಸಾಲಾಗಿ ಹಾಕಿರ್ತಾರೆ, ಯಾರಿಗೂ ಸೇರದೇ ಬಿದ್ದಿರುತ್ತೆ, ಅದರಲ್ಲಿ ಒಂದನ್ನ ಯಾರಾದ್ರೂ ತಮ್ಮ ಹೆಸರಿಗೆ ಹಾಕ್ಕೊಂಡ್ರೆ ಪಿಕ್ ಅಪ್ ಮಾಡಿದ್ರು ಅಂತ. ಕನ್ನಡದಲ್ಲಿ ಇದಕ್ಕೆ ಎಷ್ಟು ಒಳ್ಳೇ ಮಾತಿದೆ ನೋಡಿ, ಕೈಗೆತ್ತಿಕೊಳ್ಳೋದು. ಪೇಪರಲ್ಲಿ ದಿನಾ ಓದ್ತೀವಿ, ಸರ್ಕಾರ ರಸ್ತೆ ಕಾಮಗಾರಿ ಕೈಗೆತ್ತಿಕೊಂಡಿದೆ ಅಂತ, ಅಲ್ಲಿ ಯಾರೂ ರಸ್ತೆನ ಕೈಯಲ್ಲಿ ಎತ್ತಿಲ್ಲ, ನಮಗೆ ಅದರಲ್ಲಿ ಗೊಂದಲನೂ ಆಗಲ್ಲ. ಅವಳಿಗೆ ನಾನು ಈ ಒಂದು ಮಾತು ಹೇಳಿದ್ದೇ ತಡ, ಅಯ್ಯೋ ಇಷ್ಟೇನಾ ಮೇಡಂ ಅಂದ್ಳು. ಹಂಗೇನೇ "ವಿಲ್ ಪಿಕ್ ದಿಸ್ ಅಪ್ ಟುಮಾರೋ" ಅಂತ ಯಾರಾದ್ರೂ ಮೀಟಿಂಗ್ ಮುಗಿಸಿದ್ರೆ ನಾಳೆ ಇದೇ ವಿಷಯ ಮುಂದುವರಿಸೋಣ ಅಂತ ಅರ್ಥ. ಊಟಕ್ಕೆ ಹೋದಾಗ ಬಾಸ್ ಪಿಕ್ಡ್ ಅಪ್ ದ ಬಿಲ್ ಅಂದ್ರೆ ಬಿಲ್ ಕಾಗದ ಎತ್ತಿ ನೋಡಿ ಕೆಳಗಿಟ್ರು ಅಂತಲ್ಲ, ದುಡ್ಡು ಅವರೇ ಕೊಟ್ರು, ಖರ್ಚು ವಹಿಸ್ಕೊಂಡ್ರು.

ಪೊಲೀಸ್ನೋರ ವಿಷಯದಲ್ಲಂತೂ ಎರಡು ಭಾಷೆನೂ ಒಂದೇ ಉಸಿರಲ್ಲಿ ಮಾತಾಡುತ್ತೆ. "ದ ಪೊಲೀಸ್ ಪಿಕ್ಡ್ ಹಿಮ್ ಅಪ್", ನಾವೇನಂತೀವಿ, "ಪೊಲೀಸ್ನೋರು ಎತ್ತಾಕ್ಕೊಂಡು ಹೋದ್ರು". ಇದನ್ನ ಹೇಳಿದಾಗೆಲ್ಲ ಕ್ಲಾಸಲ್ಲಿ ಎಲ್ರ ಮುಖ ಅರಳುತ್ತೆ. ಒಂದು ಎಚ್ಚರಿಕೆನೂ ಇಲ್ಲೇ ಹೇಳ್ಬಿಡ್ತೀನಿ, ಬಾರಲ್ಲೋ ಪಾರ್ಟೀಲೋ ಗುರುತಿಲ್ಲದ ಹುಡುಗೀನೋ ಹುಡುಗನ್ನೋ ಮಾತಾಡಿಸಿ ಜೊತೆಗೆ ಕರ್ಕೊಂಡು ಹೋಗೋದಕ್ಕೂ ಇಂಗ್ಲಿಷಲ್ಲಿ ಪಿಕ್ ಅಪ್ ಅಂತಾರೆ, ಅದು ಮರ್ಯಾದೆ ಮಾತಲ್ಲ. ಅದಕ್ಕೆ ಅಪರಿಚಿತ ಹೆಣ್ಣುಮಗಳ ಬಗ್ಗೆ "ಐ ಪಿಕ್ಡ್ ಹರ್ ಅಪ್" ಅಂತ ಬರೀ ಅಷ್ಟೇ ಹೇಳಿ ನಿಲ್ಲಿಸ್ಬೇಡಿ, ಸ್ಟೇಷನ್ನಿಂದ, ಏರ್‌ಪೋರ್ಟಿಂದ ಅಂತ ಜಾಗ ಸೇರಿಸಿ, ಆಗ ಯಾರೂ ಬೇರೆ ಥರ ತಿಳ್ಕೊಳ್ಳಲ್ಲ.

ಇದುವರೆಗೆ ಹೇಳಿದ್ದೆಲ್ಲ ಯಾರೋ ಒಬ್ರು ಏನನ್ನೋ ತಮ್ಮ ಕಡೆಗೆ ತಗೊಳ್ಳೋದು. ಇನ್ನು ಕೆಲವು ಕಡೆ ಯಾರೂ ಎತ್ತಲ್ಲ, ತಾನೇ ಏಳುತ್ತೆ. "ಬಿಸಿನೆಸ್ ಈಸ್ ಪಿಕಿಂಗ್ ಅಪ್" ಅಂದ್ರೆ ವ್ಯಾಪಾರ ಕುದುರ್ತಿದೆ, ಮಲಗಿದ್ದ ವ್ಯಾಪಾರ ಚೇತರಿಸ್ಕೊಳ್ತಿದೆ. ಚೇತರಿಸ್ಕೊ ಅನ್ನೋದ್ರಲ್ಲೂ ಕೊಳ್ಳು ಇರೋದು ನೋಡಿ ನಂಗೇ ಮೊದಲ ಸಲ ಆಶ್ಚರ್ಯ ಆಗಿತ್ತು. ಘಾಟಿ ಹತ್ತೋ ಬಸ್ಸು ತಿರುವಲ್ಲಿ ನಿಂತೇಹೋಗೋ ಹಂಗಾಗಿ, ಡ್ರೈವರ್ ಗೇರ್ ಇಳಿಸಿ, ಮತ್ತೆ ನಿಧಾನಕ್ಕೆ ಸ್ಪೀಡ್ ತಗೊಳ್ಳುತ್ತಲ್ಲ, ಅದು "ಪಿಕ್ ಅಪ್ ಸ್ಪೀಡ್". ನಮ್ಮ ಮೆಕ್ಯಾನಿಕ್‌ಗಳ ಬಾಯಲ್ಲಿ ಇದು ಪಿಕಪ್ ಆಗಿ ಎಷ್ಟೋ ವರ್ಷದಿಂದ ಇದೆ, "ಗಾಡಿಗೆ ಪಿಕಪ್ಪೇ ಇಲ್ಲ ಸಾರ್, ಕಾರ್ಬುರೇಟರ್ ಕ್ಲೀನ್ ಮಾಡ್ಬೇಕು" ಅಂತಾರೆ. ಅಕ್ಸೆಲರೇಷನ್ ಅನ್ನೋದಕ್ಕೆ ಪಿಕಪ್ ಅನ್ನೋ ಬಳಕೆ ನಮ್ಮ ದೇಶದಲ್ಲಿ ತುಂಬಾ ಜಾಸ್ತಿ, ಹೊರಗಡೆ ಬರೀ ಪಿಕಪ್ ಅಂದ್ರೆ ಹಿಂದೆ ತೆರೆದ ಡಬ್ಬ ಇರೋ ಸಣ್ಣ ಲೋಡ್ ಗಾಡಿನೇ ಮೊದ್ಲು ನೆನಪಾಗೋದು. ಫೋರ್ಡ್ ಕಂಪನಿಯವರು 1925ರಲ್ಲಿ ಮಾಡೆಲ್ ಟಿ ಗಾಡಿಗೆ ಹಿಂದೆ ಪಿಕಪ್ ಬಾಡಿ ಕೂರಿಸಿ ಮಾರಿದ್ರು, ಅಮೆರಿಕದ ರೈತರಿಗೆ ಅದು ಎಷ್ಟು ಬೇಕಾಗಿತ್ತೋ ಇವತ್ತು ನಮ್ಮ ಎಪಿಎಂಸಿ ಯಾರ್ಡಿಗೆ ಟೊಮೇಟೋ ಕ್ರೇಟ್ ತರೋ ಬೊಲೆರೋ ಪಿಕಪ್ಪೂ ಅಷ್ಟೇ ಬೇಕು. ಹಿಂಗೆ ನಾಮಪದ ಆದಾಗ ಎರಡು ತುಂಡೂ ಅಂಟ್ಕೊಂಡು ಒಂದೇ ಪದ ಆಗುತ್ತೆ, ಒತ್ತೂ ಹಿಂದಿಂದ ಮುಂದಕ್ಕೆ ಬಂದು ಪಿಕ್ ಮೇಲೆ ಕೂರುತ್ತೆ. ಕ್ರಿಯಾಪದಕ್ಕೆ ಬಿಡಿಸಿ ಬರೀಬೇಕು, ನಾಮಪದಕ್ಕೆ ಸೇರಿಸಿ ಬರೀಬೇಕು.

ಕೇಳಿಸ್ಕೊಳ್ಳೋದು, ಗ್ರಹಿಸೋದು ಇನ್ನೊಂದು ಗುಂಪು. ರೇಡಿಯೋ ಸ್ಟೇಷನ್ ಹಿಡೀತು ಅಂತೀವಲ್ಲ, ಅದು ಪಿಕ್ ಅಪ್. ಎಲೆಕ್ಟ್ರಿಕ್ ಗಿಟಾರಲ್ಲಿ ತಂತಿ ಕೆಳಗಿರೋ ಅಯಸ್ಕಾಂತದ ಪಟ್ಟಿಗೂ ಪಿಕಪ್ ಅಂತಾನೇ ಹೆಸರು, ತಂತಿ ನಡುಗೋದನ್ನ ಅದು ಹಿಡ್ಕೊಂಡು ಕರೆಂಟಾಗಿ ಮಾಡಿ ಕಳ್ಸುತ್ತೆ. ಮನುಷ್ಯರ ವಿಷಯದಲ್ಲಿ ಮುಂದೆ ಆನ್ ಅಂತ ಇನ್ನೊಂದು ಬಾಲ ಸೇರುತ್ತೆ, "ಶಿ ಪಿಕ್ಡ್ ಅಪ್ ಆನ್ ಹಿಸ್ ಸ್ಯಾಡ್‌ನೆಸ್", ಅವನು ಬಾಯಿಬಿಟ್ಟು ಹೇಳದಿದ್ರೂ ಬೇಜಾರಲ್ಲಿದಾನೆ ಅಂತ ಅವಳು ಗುರುತಿಸಿದ್ಳು. ಆನ್ ಬದ್ಲು ಆಫ್ಟರ್ ಬಂದ್ರೆ ಕಥೆನೇ ಬೇರೆ, "ಪಿಕ್ ಅಪ್ ಆಫ್ಟರ್ ಸಮ್‌ಒನ್" ಅಂದ್ರೆ ಒಬ್ರು ಹರಡಿಟ್ಟು ಹೋಗಿದ್ದನ್ನ ಹಿಂದಿಂದ ಇನ್ನೊಬ್ರು ಎತ್ತಿಡೋದು, ಮನೆಗಳಲ್ಲಿ ಅಮ್ಮಂದಿರು ಬೆಳಿಗ್ಗೆಯಿಂದ ರಾತ್ರಿವರೆಗೂ ಮಾಡೋದು. ಇಲ್ಲಿ ನನ್ನ ಕೊಳ್ಳು ಸೂತ್ರ ಕೆಲಸ ಮಾಡಲ್ಲ, ಒಪ್ಕೋತೀನಿ, ಇಲ್ಲಿ ಎತ್ತಿಟ್ಟಿದ್ದು ತನಗೋಸ್ಕರ ಅಲ್ಲ. ಮಳೆ, ಗಾಳಿ ಜೋರಾಗೋದಕ್ಕೆ "ದ ವಿಂಡ್ ಪಿಕ್ಡ್ ಅಪ್" ಅಂತಾರೆ, ಅಲ್ಲೂ ಕೊಳ್ಳು ಬರಲ್ಲ, ಗಾಳಿ ಎದ್ದಿತು ಅಂತೀವಿ ಅಷ್ಟೇ.

ಇಷ್ಟೆಲ್ಲ ತೊಡಕು ನಮಗೊಬ್ರಿಗೇ ಅಂತ ತಿಳ್ಕೋಬೇಡಿ. 1755ರಲ್ಲಿ ಲಂಡನ್ನಲ್ಲಿ ಸ್ಯಾಮ್ಯುಯೆಲ್ ಜಾನ್ಸನ್ ತಮ್ಮ ಇಂಗ್ಲಿಷ್ ನಿಘಂಟು ಹೊರತಂದಾಗ ಮುನ್ನುಡೀಲೇ ಇದರ ಬಗ್ಗೆ ಬರೆದ್ರು, ಕ್ರಿಯಾಪದದ ಹಿಂದೆ ಒಂದು ಪುಟ್ಟ ಪದ ಅಂಟಿಸಿ ಅರ್ಥ ಬದಲಾಯಿಸೋ ಈ ಪದ್ಧತಿ ಹೊರಗಿಂದ ಬಂದು ಇಂಗ್ಲಿಷ್ ಕಲಿಯೋರಿಗೆ ಎಲ್ಲಕ್ಕಿಂತ ಹೆಚ್ಚು ಕಷ್ಟ ಕೊಡುತ್ತೆ ಅಂತ. ಆಗ ಇದಕ್ಕೆ ಒಂದು ಹೆಸರು ಕೂಡ ಇರ್ಲಿಲ್ಲ. ಫ್ರೇಸಲ್ ವರ್ಬ್ ಅನ್ನೋ ಹೆಸರು ಅಚ್ಚಲ್ಲಿ ಹೆಸರಾಗಿದ್ದು 1925ರಲ್ಲಿ, ಲೋಗನ್ ಪಿಯರ್ಸಲ್ ಸ್ಮಿತ್ ಬರೆದ ಪುಸ್ತಕದಿಂದ, ಅವರೂ ಅದು ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕ ಹೆನ್ರಿ ಬ್ರಾಡ್ಲಿ ಸೂಚಿಸಿದ ಹೆಸರು ಅಂತ ಹೇಳ್ಕೊಂಡಿದಾರೆ.

ಶಾಲೇಲಿ ನಮಗೆ ಇದು ಯಾಕೆ ಸಿಗಲ್ಲ ಅಂದ್ರೆ, ಪಿಕ್ ಅಪ್‌ನ ಪ್ರತಿ ಅರ್ಥಕ್ಕೂ ಇಂಗ್ಲಿಷಲ್ಲಿ ಒಂದು ಗತ್ತಿನ ಪದ ಇದೆ, ನಮಗೆ ಪಾಠ ಆಗೋದು ಅವೇ. ಕಲೆಕ್ಟ್, ಅಕ್ವೈರ್, ಡಿಟೆಕ್ಟ್, ರೆಸ್ಯೂಮ್, ಇಂಪ್ರೂವ್, ಅರೆಸ್ಟ್. ಇವೆಲ್ಲ ಲ್ಯಾಟಿನ್ ಮೂಲದ ಪದಗಳು, ಬಹಳಷ್ಟು 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಫ್ರೆಂಚ್ ದಾರೀಲಿ ಒಳಗೆ ಬಂದಿದ್ದು, ಕೋರ್ಟು ಕಚೇರಿ ಪುಸ್ತಕದ ಭಾಷೆ ಆಗಿ ನಿಂತ್ಕೊಂಡಿದ್ದು. ಮನೆಮಾತಾಗಿ ಉಳಿದಿದ್ದು ಪಿಕ್ ಅಪ್, ಗಿವ್ ಅಪ್, ಪುಟ್ ಆಫ್ ಥರದವು. ನಮ್ಮಲ್ಲೂ ಹಿಂಗೇ ಅಲ್ವಾ, ಸಂಗ್ರಹಿಸು ಅಂತ ಪುಸ್ತಕದಲ್ಲಿ ಬರೀತೀವಿ, ಅಂಗಳದಲ್ಲಿ ಹೆಕ್ತೀವಿ. ಬಂಧಿಸಲಾಯಿತು ಅಂತ ಪೇಪರಲ್ಲಿ ಬರುತ್ತೆ, ಬೀದೀಲಿ ಎತ್ತಾಕ್ಕೊಂಡು ಹೋದ್ರು ಅಂತಾರೆ. ಕನ್ನಡ ಕಲಿಯೋಕೆ ಬಂದ ಹೊರಗಿನೋರಿಗೆ ನಾವು ಬರೀ ಸಂಗ್ರಹಿಸು, ಪುನರಾರಂಭಿಸು ಇಂಥವನ್ನೇ ಹೇಳ್ಕೊಟ್ಟು ತರಕಾರಿ ಮಾರ್ಕೆಟ್ಟಿಗೆ ಕಳಿಸಿದ್ರೆ ಅವರ ಪಾಡು ಏನಾಗುತ್ತೋ, ನಮ್ಮ ಮಕ್ಕಳು ಆಫೀಸಿಗೆ ಹೋದಾಗ ಆಗೋದೂ ಅದೇ. ಮಕ್ಕಳಿಗೆ ಬುದ್ಧಿ ಕಮ್ಮಿ ಇರಲ್ಲ, ಅವರಿಗೆ ಸಿಕ್ಕ ಇಂಗ್ಲಿಷ್ ಬೇರೆ, ಅಲ್ಲಿ ಆಡೋ ಇಂಗ್ಲಿಷ್ ಬೇರೆ.

ಕೊನೇದಾಗಿ "ಪಿಕ್ ಅಪ್ ವೇರ್ ವಿ ಲೆಫ್ಟ್ ಆಫ್". ಎಲ್ಲಿಗೆ ಬಿಟ್ಟಿದ್ವೋ ಅಲ್ಲಿಂದ ಶುರು ಮಾಡೋಣ ಅಂತ. ಇದನ್ನ ಮುಂದುವರಿಸೋಣ ಅಂತ ಅನುವಾದ ಮಾಡಿ ಸುಮ್ನಾಗ್ತಿದ್ದೆ, ಆದ್ರೆ ನಮ್ಮ ಬೀದಿ ಕೊನೇಲಿರೋ ಭಜನಾ ಮಂದಿರದಲ್ಲಿ ಇದಕ್ಕಿಂತ ಒಳ್ಳೇ ಕನ್ನಡ ಸಿಕ್ತು. ಶನಿವಾರ ಸಂಜೆ ಭಜನೆ ನಡೀತಿರೋವಾಗ ಕರೆಂಟ್ ಹೋಯ್ತು, ಮೈಕ್ ನಿಂತುಹೋಯ್ತು, ಹಾಡ್ತಿದ್ದೋರು ಚರಣದ ನಡುವೆ ನಿಲ್ಲಿಸಿದ್ರು. ಕತ್ತಲಲ್ಲೇ ಯಾರೋ ದೀಪದ ಬತ್ತಿ ಮೇಲೆ ಮಾಡಿದ್ರು, ಹಾರ್ಮೋನಿಯಂ ನುಡಿಸೋ ಹಿರಿಯರು ಶ್ರುತಿ ಹಿಡಿದು ಪಕ್ಕಕ್ಕೆ ತಿರುಗಿ "ಬಿಟ್ಟಲ್ಲಿಂದ ಎತ್ಕೊಳ್ಳಮ್ಮ" ಅಂದ್ರು, ಹಾಡ್ತಿದ್ದ ಹುಡುಗಿ ಅದೇ ಸಾಲಿಂದ ಎತ್ಕೊಂಡ್ಳು.